ಟ್ರಾಕ್ಟರಿನ ಸಾಲ, ಮಕ್ಕಳ ಪಾಲು

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸಮೀಪ ಕಡಲೆಕಾಯಿ ಮತ್ತು ತೊಗರಿಯ ಮಿಶ್ರಬೆಳೆಯ ತಾಕೊಂದನ್ನು ನೋಡಲು ಮುಂಗಾರಿನಲ್ಲಿ ಹೋಗಿದ್ದೆ. ಎಂಟು ಸಾಲು ಕಡಲೆಕಾಯಿಗೆ ಎರಡು ಸಾಲು ತೊಗರಿ ಎಂಬ ನಮ್ಮ ಶಿಫಾರಸನ್ನು ಆ ರೈತರು ಚಾಚೂ ತಪ್ಪದೆ ಪಾಲಿಸಿದ್ದರು. ಬೆಳೆಯ ವಿಚಾರ ಮಾತಾಡಿ ಮುಗಿಸಿ ಹುಣಸೆಮರದ ನೆರಳಿನಲ್ಲಿ ಕುಳಿತಾಗ ಅವರು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು: "ಸಾರ್, ಮಕ್ಳು ಟ್ರಾಕ್ಟ್ರು ತಗೊಳ್ಳೋಣ ಅಂತ ಹಠ ಹಿಡಿದವ್ರೆ. ನಿಮ್ ಅಭಿಪ್ರಾಯ ಏನು?"

ಅವರಿಗೆ ಅರವತ್ತು ದಾಟಿದೆ. ಜಮೀನು ಆರು ಎಕರೆ, ಎಲ್ಲವೂ ಕೆಂಪು ಮಣ್ಣಿನ ಖುಷ್ಕಿ. ಹಿರಿಯ ಮಗ ಮನೆಯಲ್ಲಿದ್ದು ಆರಂಬ ನೋಡಿಕೊಳ್ಳುತ್ತಾನೆ. ಕಿರಿಯವನು ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಗಳನ್ನು ಕೊರಟಗೆರೆ ಕಡೆಗೆ ಕೊಟ್ಟಿದ್ದಾರೆ. ಪಹಣಿ ಇನ್ನೂ ಇವರ ತಂದೆಯ ಹೆಸರಿನಲ್ಲಿದೆ. ಆ ಹಿರಿಯರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಖಾತೆ ನಿಮ್ಮ ಹೆಸರಿಗೆ ಆಗದ ಹೊರತು ಸಾಲವಿಲ್ಲವೆಂದು ಬ್ಯಾಂಕಿನವರು ಹೇಳಿ ಕಳುಹಿಸಿದ್ದರು. ಖಾಸಗಿ ಹಣಕಾಸಿನ ಏಜೆಂಟರೊಬ್ಬರು ಮಾತ್ರ ಮನೆಗೇ ಬಂದು, ಪಹಣಿ ಹೇಗಿದ್ದರೂ ಸರಿ, ಇಬ್ಬರು ಗಂಡುಮಕ್ಕಳೂ ಸಹಿ ಹಾಕಿದರೆ ಸಾಕು ಎಂದಿದ್ದರಂತೆ.

ಕಡಲೆಕಾಯಿಗೆ ಯಾವ ತಳಿ ಎಂದು ಕೇಳಿದ್ದರೆ ನಾನು ಕುಳಿತಲ್ಲೇ ಹೇಳುತ್ತಿದ್ದೆ. ಈ ಪ್ರಶ್ನೆಗೆ ಉತ್ತರ ಹೇಳಲು ಒಂದು ವಾರ ಹಿಡಿಯಿತು. ಆ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಈ ನಾಲ್ಕೂ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇದೇ ಮಾತುಕತೆ ನಡೆಯುತ್ತಿದೆ ಎಂಬುದನ್ನು ನಾನು ಬಲ್ಲೆ.

ಮೊದಲಿಗೆ ಮಕ್ಕಳ ಹಠ ಮೂರ್ಖತನವಲ್ಲ ಎಂಬುದನ್ನು ಒಪ್ಪಬೇಕು. ನಗರದಲ್ಲಿ ಕುಳಿತವರು ರೈತರು ಒಣ ಪ್ರತಿಷ್ಠೆಗಾಗಿ ಟ್ರಾಕ್ಟರು ಕೊಳ್ಳುತ್ತಾರೆಂದು ಹಗುರವಾಗಿ ಆಡುವುದುಂಟು. ಪ್ರತಿಷ್ಠೆಯೂ ಸ್ವಲ್ಪ ಇರಬಹುದು. ಆದರೆ ನಿಜವಾದ ಕಾರಣ ಮಣ್ಣಿನಲ್ಲಿದೆ. ಈ ಭಾಗದ ಕೆಂಪು ಮಣ್ಣು ಆಳ ಕಡಿಮೆ, ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆ. ಒಳ್ಳೆಯ ಮಳೆ ಬಿದ್ದ ಮೇಲೆ ಬಿತ್ತನೆಯ ಹದ ನಿಲ್ಲುವುದು ಮೂರು ದಿನ, ಮೋಡ ಕವಿದಿದ್ದರೆ ನಾಲ್ಕು ದಿನ. ಅಷ್ಟರಲ್ಲಿ ಬೀಜ ನೆಲ ಸೇರದಿದ್ದರೆ ಮುಂದಿನ ಮಳೆಗೆ ಕಾಯಬೇಕು. ಆ ಮಳೆ ಎಂಟು ದಿನಕ್ಕೆ ಬರುವುದೋ ಇಪ್ಪತ್ತೈದು ದಿನಕ್ಕೆ ಬರುವುದೋ ಹೇಳುವವರಿಲ್ಲ. ಜುಲೈ ದಾಟಿ ಬಿತ್ತಿದ ಕಡಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಹಿರಿಯ ಮಗ ನನಗೆ ಹೇಳಿದ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ: "ಮಳೆ ಬಿದ್ದ ಮೂರ್ನೇ ದಿನಕ್ಕೆ ನೆಲ ಗಟ್ಟಿ ಸಾರ್. ಬಾಡಿಗೆ ಟ್ರಾಕ್ಟ್ರು ನಮ್ಮ ಹೊಲಕ್ಕೆ ಬರೋದು ಐದ್ನೇ ದಿನ."

ಹಿಂದೆ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಕೂರಿಗೆ, ಒಂದು ಕುಂಟೆ ಇದ್ದಾಗ ಹದ ಕಾಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಷ್ಟೇ ಅಲ್ಲ, ಕ್ಯಾಮೇನಹಳ್ಳಿಯ ಜಾತ್ರೆಯಲ್ಲಿ ಎಳೆಯ ಹೋರಿಗಳನ್ನು ಕೊಂಡು, ಪಳಗಿಸಿ, ಎರಡು ಮೂರು ವರ್ಷ ದುಡಿಸಿ ಮಾರಿದರೆ ಕೊಟ್ಟ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ಟ್ರಾಕ್ಟರಿನದು ಇದಕ್ಕೆ ತದ್ವಿರುದ್ಧ. ಅಂಗಡಿಯಿಂದ ಹೊರಗೆ ತಂದ ದಿನವೇ ಅದರ ಬೆಲೆ ಇಳಿಯತೊಡಗುತ್ತದೆ. ಹಾಗೆಂದು ಎಲ್ಲರೂ ಎತ್ತಿಗೆ ಮರಳಿರೆಂದು ನಾನು ಹೇಳಲಾರೆ. ಎತ್ತು ಸಾಕಲು ಮನೆಯಲ್ಲಿ ವರ್ಷವಿಡೀ ಒಬ್ಬ ಆಳಿರಬೇಕು. ಆ ಆಳು ಈಗ ವಸಂತನರಸಾಪುರದಲ್ಲಿದ್ದಾನೆ.

ಈಗ ಲೆಕ್ಕಕ್ಕೆ ಬರೋಣ. ಓದುಗರು ದಯವಿಟ್ಟು ಪೆನ್ಸಿಲು ಹಿಡಿದು ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬೇಕು, ನನ್ನವನ್ನು ನಂಬಿ ಕೂರಬಾರದು.

ಟ್ರಾಕ್ಟರಿನ ಬೆಲೆ 7,50,000 ರೂ. ಎಂದು ಹಿಡಿಯೋಣ. ಹತ್ತು ವರ್ಷ ಬಳಸಿ, ಕೊನೆಗೆ ಹತ್ತರಲ್ಲೊಂದು ಬೆಲೆಗೆ ಮಾರಿದೆವೆಂದುಕೊಂಡರೆ ಸವಕಳಿಯ ಬಾಬ್ತು ವರ್ಷಕ್ಕೆ 67,500 ರೂ. ಹೂಡಿದ ಹಣದ ಸರಾಸರಿಯ ಮೇಲೆ ಶೇಕಡಾ 10ರಂತೆ ಬಡ್ಡಿ 41,250 ರೂ. ವಿಮೆ, ನೆರಳು, ಇತರ ಖರ್ಚಿಗೆ ಬೆಲೆಯ ಶೇಕಡಾ 2ರಂತೆ 15,000 ರೂ. ಒಟ್ಟು 1,23,750 ರೂ. ಈ ಹಣ ಟ್ರಾಕ್ಟರು ಒಂದು ಗಂಟೆಯೂ ಓಡದೆ ಹಟ್ಟಿಯ ಮುಂದೆ ನಿಂತಿದ್ದರೂ ಖರ್ಚೇ. ಓಡಿದರೆ ಗಂಟೆಗೆ ಡೀಸೆಲ್, ಎಣ್ಣೆ, ಚಾಲಕ, ರಿಪೇರಿ ಸೇರಿ 550 ರೂ. ಎಂದಿಟ್ಟುಕೊಳ್ಳಿ. ಬಾಡಿಗೆ ಗಂಟೆಗೆ 1,000 ರೂ. ಎಂದಾದರೆ ಪ್ರತಿ ಗಂಟೆಗೆ ಉಳಿಯುವುದು 450 ರೂ. 1,23,750ನ್ನು 450ರಿಂದ ಭಾಗಿಸಿದರೆ 275 ಗಂಟೆ. ಅಂದರೆ ವರ್ಷಕ್ಕೆ 275 ಗಂಟೆ ದುಡಿದರೆ ಟ್ರಾಕ್ಟರು ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಸ್ಥಿತಿಗೆ ಬರುತ್ತದೆ. ಇದರಲ್ಲಿ ಕಲ್ಟಿವೇಟರ್, ರೋಟವೇಟರ್, ಟ್ರೈಲರ್‌ಗಳ ಬೆಲೆ ಸೇರಿಲ್ಲವಾದ್ದರಿಂದ ನಿಜ ಸ್ಥಿತಿ ಇದಕ್ಕಿಂತ ಕಷ್ಟದ್ದು.

ಆರು ಎಕರೆಯವರಿಗೆ ಸ್ವಂತ ಕೆಲಸವೆಷ್ಟು? ಮಾಗಿ ಉಳುಮೆ, ಎರಡನೆಯ ಉಳುಮೆ, ಬಿತ್ತನೆ, ಸಾಗಣೆ, ಒಕ್ಕಣೆ ಎಲ್ಲ ಕೂಡಿ ಎಕರೆಗೆ 8 ಗಂಟೆ ಎಂದರೂ 48 ಗಂಟೆ. ಉಳಿದ 227 ಗಂಟೆ ಊರವರ ಹೊಲದಲ್ಲಿ ದುಡಿಯಬೇಕು, ದಿನಕ್ಕೆ 8 ಗಂಟೆಯಂತೆ 28 ದಿನ. ಕೇಳಲು ಇದೇನೂ ಹೆಚ್ಚಲ್ಲ. ಆದರೆ ಊರವರಿಗೆ ಟ್ರಾಕ್ಟರು ಬೇಕಾಗುವುದು ಯಾವಾಗ? ನಿಮ್ಮ ಹೊಲಕ್ಕೆ ಬೇಕಾದ ಅದೇ ಮೂರು ದಿನ! ಹದದ ದಿನಗಳಲ್ಲಿ ಬಾಡಿಗೆಗೆ ಹೋದರೆ ನಿಮ್ಮ ಬಿತ್ತನೆ ತಡವಾಗುತ್ತದೆ, ಹೋಗದಿದ್ದರೆ ಬಾಡಿಗೆ ತಪ್ಪುತ್ತದೆ. ಹದ ಕಳೆದ ಮೇಲೆ ಟ್ರಾಕ್ಟರು ಕರೆಯುವವರು ಕಡಿಮೆ. ಅದೂ ಅಲ್ಲದೆ ಈ ಸುತ್ತಿನ ಹಳ್ಳಿಗಳಲ್ಲಿ ಟ್ರಾಕ್ಟರು ಈಗ ಅಪರೂಪದ ವಸ್ತುವಲ್ಲ. ಕೊಂಡ ಪ್ರತಿಯೊಬ್ಬರೂ ಬಾಡಿಗೆಯನ್ನೇ ನೆಚ್ಚಿಕೊಂಡು ಕೊಂಡವರು.

ಬಾಡಿಗೆಗೆ ಹೋಗದೆ ಸ್ವಂತಕ್ಕೆ ಮಾತ್ರ ಇಟ್ಟುಕೊಂಡರೆ ಏನಾಗುತ್ತದೆ? 48 ಗಂಟೆಯ ಕೆಲಸವನ್ನು ಬಾಡಿಗೆಗೆ ಮಾಡಿಸಿದರೆ 48,000 ರೂ. ಸ್ವಂತ ಟ್ರಾಕ್ಟರಿನಲ್ಲಿ ಮಾಡಿದರೆ 1,50,150 ರೂ. ವ್ಯತ್ಯಾಸ ವರ್ಷಕ್ಕೆ 1,02,150 ರೂ. ಕಡಲೆಕಾಯಿಗೆ 2025-26ರಲ್ಲಿ ನಿಗದಿಯಾದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂ. ಆ ಬೆಲೆಯೇ ಕೈಗೆ ಬಂತೆಂದುಕೊಂಡರೂ ಇದು 14 ಕ್ವಿಂಟಾಲ್ ಕಡಲೆಕಾಯಿ. ಎಕರೆಗೆ 4 ಕ್ವಿಂಟಾಲ್ ಬಂದ ವರ್ಷದಲ್ಲಿ ಮೂರೂವರೆ ಎಕರೆಯ ಪೂರಾ ಬೆಳೆ. ಐದನೆಯ ದಿನಕ್ಕೆ ಬರುವ ಬಾಡಿಗೆ ಟ್ರಾಕ್ಟರಿನಿಂದ ಆಗುವ ನಷ್ಟ ಇದಕ್ಕಿಂತ ಹೆಚ್ಚೇ? ಆರು ಎಕರೆಯವರ ಮಟ್ಟಿಗೆ ಅಲ್ಲ ಎಂಬುದೇ ನನ್ನ ಅಭಿಪ್ರಾಯ.

ಸರ್ಕಾರ 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿತು. ಸ್ವಾಗತಾರ್ಹ ಕ್ರಮವೇ. ತೆರಿಗೆ ಸೇರಿ 8 ಲಕ್ಷವಿದ್ದದ್ದು ಏಳೂವರೆ ಲಕ್ಷಕ್ಕೆ ಇಳಿಯಿತು. ಆದರೆ ಮೇಲಿನ ಲೆಕ್ಕದ ಕ್ರಮದಲ್ಲೇ ಹೋದರೆ ಈ 50,000 ರೂ. ವರ್ಷಕ್ಕೆ ಉಳಿಸುವುದು 8,250 ರೂ. ಮಾತ್ರ. "ತೆರಿಗೆ ಇಳಿದಿದೆ, ಈಗಲೇ ಕೊಳ್ಳಿ" ಎಂದು ಅಂಗಡಿಯವರು ಹೇಳಿದಾಗ ಇದು ನೆನಪಿರಲಿ.

ಸಾಲದ ಕಂತಿನ ಮಾತು ಬೇರೆ. 6 ಲಕ್ಷ ಸಾಲವನ್ನು ಏಳು ವರ್ಷಕ್ಕೆ, ಆರು ತಿಂಗಳಿಗೊಂದರಂತೆ ಹದಿನಾಲ್ಕು ಕಂತಾಗಿ ಕಟ್ಟುವುದಾದರೆ ಶೇಕಡಾ 10ರ ಬಡ್ಡಿಯಲ್ಲಿ ಮೊದಲ ಕಂತೇ ಸುಮಾರು 73,000 ರೂ. ಒಂದು ಕಂತು ಡಿಸೆಂಬರಿನಲ್ಲಿ ಬಂದರೆ ಮನೆಯಲ್ಲಿ ಕಡಲೆಕಾಯಿ ಇರುತ್ತದೆ, ಹೇಗೋ ಕಟ್ಟಬಹುದು. ಜೂನಿನ ಕಂತಿಗೆ ಏನಿರುತ್ತದೆ? ಆಗ ಬೀಜ ಕೊಳ್ಳುವ ಕಾಲ. ಒಂದೇ ಬೆಳೆಯ ಖುಷ್ಕಿ ರೈತನಿಗೆ ಆರು ತಿಂಗಳ ಕಂತು ಹೊಂದುವುದಿಲ್ಲ. ಬೆಳೆ ಮಾರಿದ ಮೇಲೆ ವರ್ಷಕ್ಕೊಂದೇ ಕಂತು ಎಂದು ಬ್ಯಾಂಕಿನವರು ಗೊತ್ತುಪಡಿಸಬೇಕು. ಕಾಲುವೆ ನೀರಾವರಿಯ ಎರಡು ಬೆಳೆಯ ಲೆಕ್ಕವನ್ನು ಮಧುಗಿರಿಗೂ ಪಾವಗಡಕ್ಕೂ ತಂದು ಹಚ್ಚುವುದು ನ್ಯಾಯವಲ್ಲ.

ಇನ್ನು ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಬರ ಬಂದ ವರ್ಷ ಸ್ವಂತ ಬೆಳೆಯೂ ಹೋಗುತ್ತದೆ, ಊರವರ ಹೊಲದ ಬಾಡಿಗೆಯೂ ಹೋಗುತ್ತದೆ. ಎರಡು ಆದಾಯಗಳೂ ಒಂದೇ ಮೋಡವನ್ನು ನಂಬಿವೆ. ಕಂತು ಮಾತ್ರ ಮೋಡ ನೋಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಲೆಕ್ಕ. ಇದಕ್ಕಿಂತ ದೊಡ್ಡ ಪ್ರಶ್ನೆ ಆ ಪಹಣಿಯಲ್ಲಿದೆ.

ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇತ್ತು. 2015-16ರ ಕೃಷಿ ಗಣತಿಯ ವೇಳೆಗೆ ಅದು 1.36 ಹೆಕ್ಟೇರಿಗೆ, ಅಂದರೆ ಎಂಟು ಎಕರೆಯಿಂದ ಮೂರೂಕಾಲು ಎಕರೆ ಚಿಲ್ಲರೆಗೆ ಇಳಿದಿತ್ತು. ಎರಡು ತಲೆಮಾರಿನ ಪಾಲು ವಿಭಾಗದ ಫಲ ಇದು. ಹೊಲ ಚಿಕ್ಕದಾಗುತ್ತಾ ಬಂದಿದೆ, ಅದರ ಮೇಲೆ ನಿಲ್ಲಿಸುವ ಯಂತ್ರ ದೊಡ್ಡದಾಗುತ್ತಾ ಬಂದಿದೆ.

ಬಡವನಹಳ್ಳಿಯ ಆ ಮನೆಯನ್ನೇ ನೋಡಿ. ಆರು ಎಕರೆಗೆ ಮೂವರು ಮಕ್ಕಳು. ಮಗಳನ್ನು ಲೆಕ್ಕಕ್ಕೆ ಹಿಡಿಯದೆ ಇಬ್ಬರೆಂದು ಹೇಳುವ ರೂಢಿ ನಮ್ಮಲ್ಲಿನ್ನೂ ಇದೆ, ಆದರೆ ಕಾನೂನು ಹಾಗಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದ್ದರಿಂದ ತಲಾ ಎರಡು ಎಕರೆ. ಟ್ರಾಕ್ಟರು ಕೊಂಡದ್ದು ಆರು ಎಕರೆಯನ್ನು ನೋಡಿ. ಆರಂಬ ಮಾಡುವ ಮಗನ ಪಾಲಿಗೆ ಉಳಿಯುವುದು ಎರಡು ಎಕರೆ ಮತ್ತು ವರ್ಷಕ್ಕೆ 16 ಗಂಟೆಯ ಕೆಲಸ. ಕಾರ್ಖಾನೆಯಲ್ಲಿರುವ ತಮ್ಮ ಸಾಲಪತ್ರಕ್ಕೆ ಸಹಿ ಹಾಕಿರುತ್ತಾನೆ, ಅವನಿಗೆ ಟ್ರಾಕ್ಟರು ಬೇಡ. ತಂಗಿ ಸಹಿ ಹಾಕಿಲ್ಲ. ಜಮೀನಿನ ಮೇಲೆ ಸಾಲವಿದ್ದರೆ ಪಹಣಿಯ 11ನೇ ಕಾಲಂನಲ್ಲಿ ಅದು ಕೂತಿರುತ್ತದೆ. ತೀರುವವರೆಗೆ ಮೂವರ ಪಾಲಿಗೂ ಅದರ ನೆರಳು ಬೀಳುತ್ತದೆ. ಹೊಲವನ್ನು ಮೂರು ಮಾಡಬಹುದು, ಟ್ರಾಕ್ಟರನ್ನು ಮೂರು ಮಾಡಲಾಗುವುದಿಲ್ಲ.

ಇದು ನಾನು ಊಹಿಸಿ ಹೇಳುವ ಮಾತಲ್ಲ. ಶಿರಾ ತಾಲ್ಲೂಕಿನ ನಮ್ಮ ಮನೆಯಲ್ಲೇ ಆದದ್ದು. ನಾನಾಗ ಡಾಕ್ಟರೇಟ್ ಮುಗಿಸಿದ ಹೊಸತು. ಯಾಂತ್ರೀಕರಣವಿಲ್ಲದೆ ಬೇಸಾಯಕ್ಕೆ ಭವಿಷ್ಯವಿಲ್ಲವೆಂದು ಅಣ್ಣನಿಗೆ ಉಪನ್ಯಾಸ ಕೊಟ್ಟವನು ನಾನೇ. ಅಣ್ಣ ಟ್ರಾಕ್ಟರು ತಂದ. ಮೂರು ವರ್ಷ ಕಂತು ಕಟ್ಟಿದ. ಎರಡು ವರ್ಷ ಮಳೆ ಕೈಕೊಟ್ಟಿತು. ಪಾಲಾಗುವ ಹೊತ್ತಿಗೆ ಅದನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿ, ಸಾಲದ ಬಾಕಿಗೆ ಅಕ್ಕನ ಒಡವೆ ಸೇರಿಸಿ ತೀರಿಸಿದೆವು. ಗಂಟೆಯ ಲೆಕ್ಕ ಮಾಡುವ ಕ್ರಮ ನನಗೆ ಆಗಲೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಮನೆಯ ಟ್ರಾಕ್ಟರಿಗೆ ಮಾಡಬೇಕೆಂದು ತೋಚಲಿಲ್ಲ.

ಸಾಲ ಮಾಡಿದ ತಂದೆ ತೀರಿಕೊಂಡರೆ ಮಕ್ಕಳ ಹೊಣೆ ಎಷ್ಟು ಎಂದು ಅನೇಕರು ಕೇಳುತ್ತಾರೆ. 2005ರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ, ಮಗನಾಗಿ ಹುಟ್ಟಿದ್ದಕ್ಕೇ ತೀರಿಸಬೇಕೆಂಬ ಹಳೆಯ ಧರ್ಮಬದ್ಧತೆಯನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ. ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಸಾಲ ತಟ್ಟುತ್ತದೆ. ಆದರೆ ಜಾಮೀನಿಗೋ ಜೊತೆ ಸಾಲಗಾರನಾಗಿಯೋ ಸಹಿ ಮಾಡಿದ್ದರೆ ಈ ರಕ್ಷಣೆ ಇಲ್ಲ, ಆಗ ಅದು ನಿಮ್ಮ ಸ್ವಂತ ಸಾಲ. ಇಬ್ಬರು ಮಕ್ಕಳ ಸಹಿ ಸಾಕೆಂದು ಆ ಏಜೆಂಟರು ಹೇಳಿದ್ದು ಸುಮ್ಮನೆ ಅಲ್ಲ.

ಹದಿನಾಲ್ಕು ವರ್ಷ ಪೌತಿ ಖಾತೆ ಮಾಡಿಸದೆ ಬಿಟ್ಟದ್ದು ಏಕೆಂದು ನಾನು ಆ ಹಿರಿಯರನ್ನು ಕೇಳಿದೆ. ಖಾತೆಗೆ ಹೋದರೆ ವಂಶವೃಕ್ಷ ಬೇಕು, ವಂಶವೃಕ್ಷ ಬರೆಸಿದರೆ ಅವರ ಅಕ್ಕತಂಗಿಯರ ಹೆಸರೂ ಬರುತ್ತದೆ, ಬಂದರೆ ಮಾತು ಬೆಳೆಯುತ್ತದೆ ಎಂಬ ಅಳುಕು. ಬಹಳ ಮನೆಗಳಲ್ಲಿ ಇದೇ ಕಾರಣ. ಆದರೆ ಆ ಅಳುಕಿಗೆ ತೆತ್ತ ಬೆಲೆ ನೋಡಿ. ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೂ, ಶೇಕಡಾ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 15 ಲಕ್ಷಕ್ಕೂ ಏರಿಸಲಾಯಿತು. ಬರ ಪರಿಹಾರ ಬಂದದ್ದು ಫ್ರೂಟ್ಸ್ ದಾಖಲೆಯ ಮೇಲೆ ನೇರ ಬ್ಯಾಂಕ್ ಖಾತೆಗೆ. ಯಂತ್ರದ ಸಹಾಯಧನಕ್ಕೂ ಪಹಣಿಯೇ ಆಧಾರ. ತೀರಿಹೋದವರ ಹೆಸರಿನ ಪಹಣಿ ಹಿಡಿದವರಿಗೆ ಇವೆಲ್ಲ ಬಾಗಿಲು ಮುಚ್ಚಿ, ದುಬಾರಿ ಬಡ್ಡಿಯ ಒಂದು ಬಾಗಿಲು ಮಾತ್ರ ತೆರೆದಿರುತ್ತದೆ.

"ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಈ ಗಾದೆಯನ್ನು ಹೇಳಿ ಹೇಳಿಯೇ ಎಪ್ಪತ್ತು ವರ್ಷದವರೆಗೆ ಯಜಮಾನಿಕೆ ಬಿಡದ ತಂದೆಯರನ್ನು ನಾನು ಕಂಡಿದ್ದೇನೆ. ನಲವತ್ತು ವರ್ಷದ ಮಗ ಹಗಲಿರುಳು ದುಡಿಯುತ್ತಿರುತ್ತಾನೆ, ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅವನು ಟ್ರಾಕ್ಟರಿಗೆ ಹಠ ಮಾಡುವುದರ ಹಿಂದೆ, ಈ ಮನೆಯಲ್ಲಿ ತನ್ನದು ಎಂಬುದೊಂದು ಇರಲಿ ಎಂಬ ಆಸೆಯೂ ಇರಬಹುದೆಂದು ನನಗೆ ಆ ದಿನ ಅನ್ನಿಸಿತು.

ಕೈಬಿಡುವ ದಾರಿಯೂ ಇದೆ. ಪಾವಗಡದ ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯನ್ನು ರೈತರು ಸೌರ ವಿದ್ಯುತ್ತಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. 2018ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾಯಿತು. ಖುಷ್ಕಿ ಕಡಲೆಕಾಯಿಯಲ್ಲಿ ಖರ್ಚು ಕಳೆದು ಎಕರೆಗೆ ಅಷ್ಟು ಉಳಿಯುವ ವರ್ಷ ಅಪರೂಪ ಎಂಬುದನ್ನು ಬೇಸಾಯ ಶಾಸ್ತ್ರಜ್ಞನಾದ ನಾನು ಒಪ್ಪಿಕೊಳ್ಳಲೇಬೇಕು. ಆದರೆ ಆ ಭಾಗ್ಯ ಎಲ್ಲ ಊರಿಗೂ ಬರುವುದಿಲ್ಲ. ಬಂದಲ್ಲಿ ಕೂಲಿಯವರಿಗೆ ಕೆಲಸ ಹೋಯಿತು. ಇತ್ತ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಹಣವಂತರು ಕೇಳುವ ಬೆಲೆಗೂ ಕಡಲೆಕಾಯಿ ಕೊಡುವ ಆದಾಯಕ್ಕೂ ಸಂಬಂಧವಿಲ್ಲ. ಊರಲ್ಲಿ ಉಳಿದ ಅಣ್ಣ ತಮ್ಮನ ಪಾಲನ್ನು ಕೊಳ್ಳಲಾರ. ಗೇಣಿಗೆ ಮಾಡೋಣವೆಂದರೆ 1974ರ ತಿದ್ದುಪಡಿಯಿಂದ ಗೇಣಿ ಕೊಡುವುದು ನಿಷಿದ್ಧ, ಬಾಯಿಮಾತಿನಲ್ಲಿ ಮಾಡಿದರೆ ಆ ಜಮೀನಿನ ಮೇಲೆ ಬೆಳೆ ಸಾಲವಿಲ್ಲ. ಉಳುವವನಿಗೆ ಭೂಮಿ ಕೊಡಿಸಿದ ಆ ಕಾಯ್ದೆಯನ್ನು ನಾನು ಗೌರವಿಸುತ್ತೇನೆ. ಆದರೂ ಒಡಹುಟ್ಟಿದವರ ನಡುವೆಯಾದರೂ ಬರವಣಿಗೆಯ ಗೇಣಿಗೆ ಅವಕಾಶ ಬೇಕೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ನಾನು ಆ ಮನೆಗೆ ಕೊಟ್ಟ ಸಲಹೆ ಏನು? ಟ್ರಾಕ್ಟರು ಬೇಡ, ಕೂರಿಗೆ ಕೊಳ್ಳಿ ಎಂದೆ. ಹದದ ದಿನಗಳಲ್ಲಿ ಕೊರತೆ ಬೀಳುವುದು ಟ್ರಾಕ್ಟರಲ್ಲ, ಅದರ ಹಿಂದೆ ಕಟ್ಟುವ ಬೀಜ-ಗೊಬ್ಬರ ಕೂರಿಗೆ ಎಂಬುದು ನಾನು ಕಂಡ ಸಂಗತಿ. ಟ್ರಾಕ್ಟರಿನ ಬೆಲೆಯ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಅದು ಸಿಗುತ್ತದೆ, ಸಹಾಯಧನವೂ ಉಂಟು. ಒಂದು ಕೂರಿಗೆ ದಿನಕ್ಕೆ ಎಂಟು ಎಕರೆ ಬಿತ್ತಿದರೆ ಮೂರು ದಿನದ ಹದಕ್ಕೆ 24 ಎಕರೆ. ಆರು ಎಕರೆಯ ನಾಲ್ಕು ಮನೆಗೆ ಸರಿಹೋಯಿತು; ಐದನೆಯವರನ್ನು ಸೇರಿಸಿದರೆ ಜಗಳ ಖಂಡಿತ. ಕೂರಿಗೆ ಸಿದ್ಧವಾಗಿ ನಿಂತಿದ್ದರೆ ಬಾಡಿಗೆಯ ಟ್ರಾಕ್ಟರಿನವರು ಮೊದಲು ಅಲ್ಲಿಗೇ ಬರುತ್ತಾರೆ, ಒಂದೇ ಕಡೆ 24 ಗಂಟೆಯ ಕೆಲಸ ಯಾರಿಗೆ ಬೇಡ? ಈ ವರ್ಷ ಯಾರ ಹೊಲ ಮೊದಲು, ಬರುವ ವರ್ಷ ಯಾರದು ಎಂಬುದನ್ನು ಮಳೆಗೆ ಮುಂಚೆಯೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಮುಯ್ಯಾಳು ಪದ್ಧತಿ ಗೊತ್ತಿದ್ದ ಊರಿಗೆ ಇದು ಹೊಸದೇನಲ್ಲ. ರೋಟವೇಟರಿನ ಮೋಹವನ್ನೂ ಸ್ವಲ್ಪ ತಗ್ಗಿಸಿರೆಂದೆ. ಪದೇ ಪದೇ ಪುಡಿ ಮಾಡಿದ ಕೆಂಪು ಮಣ್ಣು ಒಂದು ಬಿರುಮಳೆಗೆ ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ.

ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಉದ್ದೇಶ ಬಹಳ ಒಳ್ಳೆಯದು. ಆದರೆ ಹೋಬಳಿಗೆಲ್ಲ ಒಂದೇ ದಿನ ಮಳೆಯಾದಾಗ ಒಂದು ಕೇಂದ್ರ ಎಷ್ಟು ಹೊಲಕ್ಕೆ ಒದಗೀತು? ಖುಷ್ಕಿ ತಾಲ್ಲೂಕುಗಳ ಕೇಂದ್ರಗಳಲ್ಲಿ ಟ್ರಾಕ್ಟರಿಗಿಂತ ಕೂರಿಗೆಗಳ ಸಂಖ್ಯೆ ಹೆಚ್ಚಿಸುವುದು ಸೂಕ್ತ. ನಮ್ಮ ವಿಶ್ವವಿದ್ಯಾನಿಲಯಗಳೂ ಮೇಳಗಳಲ್ಲಿ ಯಂತ್ರ ತೋರಿಸುವಾಗ ಅದರ ಅಶ್ವಶಕ್ತಿಯ ಪಕ್ಕದಲ್ಲಿ, ವರ್ಷಕ್ಕೆ ಎಷ್ಟು ಗಂಟೆ ದುಡಿದರೆ ಗಿಟ್ಟುತ್ತದೆ, ಎಷ್ಟು ಎಕರೆಯವರಿಗೆ ತಕ್ಕದ್ದು ಎಂಬ ಫಲಕವನ್ನೂ ನಿಲ್ಲಿಸಬೇಕು. ಇದನ್ನು ನಾನು ನಮ್ಮ ಸಭೆಗಳಲ್ಲಿ ಹೇಳಿದ್ದೇನೆ. ಈಗ ಇಲ್ಲಿಯೂ ಹೇಳುತ್ತಿದ್ದೇನೆ.

ಎರಡನೆಯ ಸಲಹೆ, ಯಂತ್ರದ ಮಾತಿಗೆ ಮೊದಲು ಪೌತಿ ಖಾತೆ. ಅಕ್ಕತಂಗಿಯರನ್ನು ಕರೆದು ಕೂರಿಸಿ, ಹೆಸರು ಬರೆಸಿ, ನಾಡಕಚೇರಿಗೆ ಅರ್ಜಿ ಕೊಡಿ. ಆಮೇಲೆ ನಿಮ್ಮ ಮೂವರು ಮಕ್ಕಳನ್ನೂ ಕೂರಿಸಿಕೊಂಡು, ಜಮೀನು ಯಾರಿಗೆ ಎಷ್ಟು ಎಂಬುದರ ಜೊತೆಗೆ ಸಾಲ ಯಾರಿಗೆ ಎಷ್ಟು ಎಂಬುದನ್ನೂ ನೀವು ಗಟ್ಟಿಯಾಗಿರುವಾಗಲೇ ಬರೆದಿಡಿ ಎಂದೆ. ಹಿರಿಯ ಮಗನಿಗೆ ಈ ಮಾತು ಹಿಡಿಸಿತು, ಕೂರಿಗೆಯ ಮಾತು ಅಷ್ಟಾಗಿ ಹಿಡಿಸಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮತ್ತೆ ಆ ಕಡೆ ಹೋಗಿದ್ದೆ. ಹಟ್ಟಿಯ ಮುಂದೆ ಟ್ರಾಕ್ಟರು ಇರಲಿಲ್ಲ. ಕೂರಿಗೆಯೂ ಇರಲಿಲ್ಲ, ದಾಯಾದಿಗಳಲ್ಲಿ ಇಬ್ಬರು ಒಪ್ಪಿದ್ದಾರೆ, ಮೂರನೆಯವರು ಇನ್ನೂ ಯೋಚಿಸುತ್ತಿದ್ದಾರಂತೆ. ವಂಶವೃಕ್ಷದ ಅರ್ಜಿ ಹಾಕಿದ್ದರು. ಕೊರಟಗೆರೆಯಿಂದ ಮಗಳು ಬಂದಿದ್ದಳು. ಕಣದಲ್ಲಿ ತೊಗರಿ ಬಡಿಯುತ್ತಿದ್ದ ಹಿರಿಯ ಮಗ ಕೈ ಒರೆಸಿಕೊಂಡು ಬಂದು, ಟ್ರಾಕ್ಟರಿನ ಗಂಟೆ ಲೆಕ್ಕದ ಹಾಳೆಯನ್ನು ತೋರಿಸಿ, "ಡೀಸೆಲ್ ನೀವು ಕಮ್ಮಿ ಹಿಡಿದಿದ್ದೀರಿ ಸಾರ್" ಎಂದ. ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು.